ಪ್ರೋಗ್ರಾಮಿಗೆ ಗೊತ್ತಿರಬೇಕಿಲ್ಲದ ವಿಳಾಸ

ಲಿನಕ್ಸ್ ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ಆದೇಶವೊಂದನ್ನು ಕೊಟ್ಟರೆ ಉತ್ತರ ಅದೇ ಪರದೆಯ ಮೇಲೆ ಮೂಡುತ್ತದೆ. ಆದೇಶದ ಕೊನೆಗೆ '>' ಚಿಹ್ನೆ ಹಾಕಿ ಫೈಲಿನ ಹೆಸರು ಬರೆಯಿರಿ. ಉತ್ತರವೆಲ್ಲ ಆ ಫೈಲಿಗೆ ಸೇರುತ್ತದೆ. ಪ್ರೋಗ್ರಾಮಿನ ಒಂದಕ್ಷರವೂ ಬದಲಾಗಿಲ್ಲ. ಹಾಗಾದರೆ ದಾರಿ ತಿರುಗಿಸಿದವರು ಯಾರು?

ಈ ಏರ್ಪಾಟು ಬಂದದ್ದು ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಿಂದ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ 1969ರಲ್ಲಿ ಅದನ್ನು ಕಟ್ಟತೊಡಗಿದರು. ಅದರಲ್ಲಿ ಪ್ರೋಗ್ರಾಂ ತೆರೆದ ಪ್ರತಿ ಫೈಲಿಗೂ ಒಂದು ಸಂಖ್ಯೆ. ರೂಢಿಯಂತೆ 0 ಒಳಬರುವ ಮಾಹಿತಿಗೆ, 1 ಹೊರಹೋಗುವ ಉತ್ತರಕ್ಕೆ, 2 ದೋಷ ಸಂದೇಶಕ್ಕೆ. ಪ್ರೋಗ್ರಾಂ 1ಕ್ಕೆ ಬರೆದು ಸುಮ್ಮನಾಗುತ್ತದೆ. ಆ ಸಂಖ್ಯೆಯ ಹಿಂದಿರುವುದು ಪರದೆಯೋ ಫೈಲೋ ಪ್ರಿಂಟರೋ, ಅದಕ್ಕೆ ಗೊತ್ತಿರಬೇಕಿಲ್ಲ.

ದಾರಿ ತಿರುಗಿಸುವುದು ನಮ್ಮ ಆದೇಶವನ್ನು ಓದುವ ಶೆಲ್. ಅದು ಮೊದಲು ತನ್ನದೇ ಒಂದು ಪ್ರತಿಯನ್ನು ಹುಟ್ಟಿಸುತ್ತದೆ. ಆ ಪ್ರತಿ ಫೈಲನ್ನು ತೆರೆದು, 1ನ್ನು ಪರದೆಯಿಂದ ಬಿಡಿಸಿ ಫೈಲಿಗೆ ಜೋಡಿಸುತ್ತದೆ. ಆಮೇಲೆ ತನ್ನ ಜಾಗವನ್ನು ಪ್ರೋಗ್ರಾಮಿಗೆ ಬಿಟ್ಟುಕೊಡುತ್ತದೆ. ಪ್ರೋಗ್ರಾಂ ಕಣ್ಣು ಬಿಡುವ ಮೊದಲೇ ಎಲ್ಲವೂ ಮುಗಿದಿರುತ್ತದೆ.

ದೋಷ ಸಂದೇಶಕ್ಕೆ ಬೇರೆಯೇ ಸಂಖ್ಯೆ ಮೊದಲಿನಿಂದ ಇರಲಿಲ್ಲ. ಉತ್ತರವನ್ನು ಅಕ್ಷರಗಳನ್ನು ಬೆಳಕಿನಿಂದ ಮೂಡಿಸುವ ಫೋಟೋಟೈಪ್‌ಸೆಟರ್ ಯಂತ್ರಕ್ಕೆ ಕಳುಹಿಸಿದಾಗ, ದೋಷದ ಸಾಲೂ ಅದರ ಜೊತೆ ಹೋಗಿ ಅಚ್ಚಾಗಿಬಿಡುತ್ತಿತ್ತು. ಆ ನಷ್ಟ ಕಲಿಸಿದ ಪಾಠವೇ 2. ಈಗ ಉತ್ತರ ಫೈಲಿಗೆ ಹೋದರೂ ಎಚ್ಚರಿಕೆ ಪರದೆಯಲ್ಲೇ ಕಾಣುತ್ತದೆ. ಅದೂ ಬೇಕೆಂದರೆ '2>' ಎಂದು ಬರೆದು ಬೇರೆ ಫೈಲಿಗೆ ತಿರುಗಿಸಬಹುದು.

ಉತ್ತರವನ್ನು ಫೈಲಿಗೆ ಕಳುಹಿಸಬಹುದಾದರೆ ಇನ್ನೊಂದು ಪ್ರೋಗ್ರಾಮಿಗೇ ಏಕೆ ಕಳುಹಿಸಬಾರದು? ತೋಟದ ನೀರಿನ ಕೊಳವೆಗಳಂತೆ ಪ್ರೋಗ್ರಾಮುಗಳನ್ನು ಒಂದಕ್ಕೊಂದು ಸಿಕ್ಕಿಸಬೇಕೆಂದು ಬೆಲ್ ಲ್ಯಾಬ್ಸ್‌ನವರೇ ಆದ ಡಗ್ ಮೆಕ್‌ಇಲ್‌ರಾಯ್ 1964ರಲ್ಲೇ ಬರೆದಿದ್ದರು. 1973ರಲ್ಲಿ ಥಾಂಪ್ಸನ್ ಅದನ್ನು ಯುನಿಕ್ಸ್‌ಗೆ ತಂದರು; ಅದೇ ಪೈಪ್. ಒಂದು ಪ್ರೋಗ್ರಾಂ ಸಾಲುಗಳನ್ನು ಆರಿಸಿದರೆ, ಮುಂದಿನದು ಅಕಾರಾದಿಯಾಗಿ ಜೋಡಿಸುತ್ತದೆ, ಅದರ ಮುಂದಿನದು ಎಣಿಸುತ್ತದೆ. ಒಂದಕ್ಕೊಂದರ ಪರಿಚಯವೇ ಬೇಕಿಲ್ಲ.

ಹೊಸಬರು ಒಂದು ಎಚ್ಚರ ವಹಿಸಬೇಕು. '>' ಫೈಲಿನಲ್ಲಿದ್ದ ಹಳೆಯದನ್ನು ಅಳಿಸಿ ಬರೆಯುತ್ತದೆ. '>>' ಹಳೆಯದನ್ನು ಉಳಿಸಿ ಕೊನೆಗೆ ಸೇರಿಸುತ್ತದೆ. ಓದುತ್ತಿರುವ ಫೈಲಿಗೇ '>' ಹಾಕಿದರೆ, ಪ್ರೋಗ್ರಾಂ ಓದಲು ಶುರುಮಾಡುವ ಮೊದಲೇ ಶೆಲ್ ಅದನ್ನು ಬರಿದು ಮಾಡಿರುತ್ತದೆ.

ಪ್ರೋಗ್ರಾಂ ಬರೆಯುವ ವಿದ್ಯಾರ್ಥಿಗಳಿಗೆ ನನ್ನದೊಂದು ಮನವಿ: ಫಲಿತಾಂಶವನ್ನು 1ಕ್ಕೂ ದೂರುಗಳನ್ನು 2ಕ್ಕೂ ಬರೆಯಿರಿ. ಎಲ್ಲಿಗೆ ಹೋಗಬೇಕೆಂಬ ತೀರ್ಮಾನ ಬಳಸುವವರ ಕೈಯಲ್ಲಿರಲಿ.