ಹೋಂಸ್ಟೇಗಳ ಸ್ವಚ್ಛತಾ ಸಿಬ್ಬಂದಿಯ ವೇತನ: ಕೊಠಡಿ ಲೆಕ್ಕವೇ, ದಿನದ ಲೆಕ್ಕವೇ?

ಚಿಕ್ಕಬಳ್ಳಾಪುರವು 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಬಳಿಕ ಇಲ್ಲಿನ ಪ್ರವಾಸೋದ್ಯಮದ ಸ್ವರೂಪ ಬಹಳಷ್ಟು ಬದಲಾಗಿದೆ. ನಂದಿಬೆಟ್ಟದ ಸೂರ್ಯೋದಯ, ಸ್ಕಂದಗಿರಿಯ ಚಾರಣಗಳ ಜೊತೆಗೆ 2023ರ ಜನವರಿ 15ರಂದು ಆವಲಗುರ್ಕಿಯಲ್ಲಿ ಅನಾವರಣಗೊಂಡ ಆದಿಯೋಗಿ ಪ್ರತಿಮೆಯೂ ವಾರಾಂತ್ಯದ ಸಂದಣಿಗೆ ಕಾರಣವಾಗಿದೆ. ದ್ರಾಕ್ಷಿ ತೋಟಗಳ ನಡುವಿನ ಮನೆಗಳು ಹೋಂಸ್ಟೇಗಳಾಗುತ್ತಿವೆ. ಮಾಲೀಕರಲ್ಲಿ ಹಲವರ ವಾಸ ಬೆಂಗಳೂರಿನಲ್ಲಿ. ಕೊಠಡಿ ಗುಡಿಸಿ, ಒರೆಸಿ, ಶೌಚಾಲಯ ತೊಳೆದು, ಹಾಸುಹೊದಿಕೆ ಬದಲಿಸುವವರು ಹೆಚ್ಚಾಗಿ ಪಕ್ಕದ ಹಳ್ಳಿಗಳ ಮಹಿಳೆಯರು. ಅತಿಥಿಯ ಮೆಚ್ಚುಗೆಯಾಗಲಿ ದೂರಾಗಲಿ ಬಹುಪಾಲು ಅವರ ಕೆಲಸವನ್ನೇ ಅವಲಂಬಿಸಿದ್ದರೂ ಅವರ ಕೂಲಿಯ ವಿಚಾರ ಮಾತ್ರ ಬಾಯಿಮಾತಿನಲ್ಲಿಯೇ ತೀರ್ಮಾನವಾಗುತ್ತದೆ.

‘ಕೊಠಡಿಗೆ ಇಷ್ಟು’ ಎಂಬ ಲೆಕ್ಕ ಮಾಲೀಕರಿಗೆ ಪ್ರಿಯವಾದುದು. ಅತಿಥಿ ಬಂದರೆ ಖರ್ಚು, ಬಾರದಿದ್ದರೆ ಇಲ್ಲ. ಆದರೆ ಈ ಪದ್ಧತಿಯಲ್ಲಿ ಕೊಠಡಿ ಖಾಲಿ ಬಿದ್ದ ದಿನದ ನಷ್ಟ ಕೆಲಸದಾಕೆಯ ಪಾಲಿಗೂ ಬರುತ್ತದೆಂಬುದನ್ನು ಮರೆಯಲಾಗುತ್ತದೆ. ಒಂದು ಉದಾಹರಣೆ ನೋಡೋಣ. ಎಂಟು ಗಂಟೆಯ ದಿನಗೂಲಿ 640 ರೂಪಾಯಿ ಎಂದಿಟ್ಟುಕೊಂಡರೆ ಗಂಟೆಗೆ 80 ರೂಪಾಯಿಯಾಯಿತು. ಒಂದು ಕೊಠಡಿಗೆ 75 ನಿಮಿಷ ಹಿಡಿದರೆ 100 ರೂಪಾಯಿ. (640 ಎಂಬುದು ಲೆಕ್ಕದ ಅನುಕೂಲಕ್ಕಾಗಿ ಹಿಡಿದ ಅಂಕಿ. ಜಾರಿಯಲ್ಲಿರುವ ಕನಿಷ್ಠ ದರವನ್ನು ಕಾರ್ಮಿಕ ಇಲಾಖೆಯ ಅಧಿಸೂಚನೆಯಲ್ಲಿಯೇ ನೋಡತಕ್ಕದ್ದು.) ನಾಲ್ಕು ಕೊಠಡಿಗಳ ಮನೆಯಲ್ಲಿ ಶನಿವಾರ, ಭಾನುವಾರ ನಾಲ್ಕು ನಾಲ್ಕು ಕೊಠಡಿ, ವಾರದ ನಡುವೆ ಮೂರು ದಿನ ಒಂದೊಂದು. ಒಟ್ಟು 11 ಕೊಠಡಿ, 1,100 ರೂಪಾಯಿ. ಇದಕ್ಕಾಗಿ ಆಕೆ ಐದು ದಿನ ಬಂದು ಹೋಗಬೇಕು. ಒಂದೇ ಕೊಠಡಿಯ ದಿನ ದೊರೆಯುವ 100 ರೂಪಾಯಿಯಲ್ಲಿ ಆಟೋ ಖರ್ಚು ಕಳೆದರೆ ಉಳಿಯುವುದೆಷ್ಟು? 2025-26ನೇ ಸಾಲಿನಲ್ಲಿ ಕರ್ನಾಟಕಕ್ಕೆ ನಿಗದಿಯಾಗಿದ್ದ ಉದ್ಯೋಗ ಖಾತರಿ ಕೂಲಿಯೇ ದಿನಕ್ಕೆ 370 ರೂಪಾಯಿ. ದ್ರಾಕ್ಷಿ ಕೊಯ್ಲಿನ ಕಾಲದಲ್ಲಿ ಆಕೆ ತೋಟಕ್ಕೆ, ಶಿಡ್ಲಘಟ್ಟದ ಕಡೆಯಾದರೆ ರೇಷ್ಮೆ ನೂಲು ತೆಗೆಯುವ ಘಟಕಕ್ಕೆ ಹೊರಟರೆ ಆಶ್ಚರ್ಯವಿಲ್ಲ. ‘ಜನ ಸಿಗುವುದಿಲ್ಲ’ ಎಂಬ ಮಾಲೀಕರ ದೂರಿಗೆ ಅರ್ಧ ಉತ್ತರ ಇಲ್ಲಿಯೇ ಇದೆ.

ಕಾನೂನಿನ ನಿಲುವೂ ಈ ಸಂಗತಿಯಲ್ಲಿ ಸ್ಪಷ್ಟವಾಗಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆ, 2019ರ ಪ್ರಕಾರ ಕನಿಷ್ಠ ವೇತನವು ಅನುಸೂಚಿತ ಉದ್ಯೋಗಗಳಿಗೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ತುಂಡುಗೆಲಸದ ಲೆಕ್ಕದಲ್ಲಿ ಕೂಲಿ ಕೊಡಬಹುದು. ಆದರೆ ಆ ಕೆಲಸಕ್ಕೆ ಕಾಲಮಾನದ ಕನಿಷ್ಠ ದರ ಮಾತ್ರ ನಿಗದಿಯಾಗಿದ್ದಲ್ಲಿ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ದಿನದ ಲೆಕ್ಕದಲ್ಲಿ ಕರೆಸಿ, ಮಾಲೀಕನೇ ಕೆಲಸ ಒದಗಿಸಲಾಗದೆ ಬೇಗ ಕಳುಹಿಸಿದರೆ ಸಾಮಾನ್ಯವಾಗಿ ಪೂರ್ಣ ದಿನದ ಕೂಲಿ ಸಲ್ಲತಕ್ಕದ್ದು. ಹನ್ನೊಂದಕ್ಕೆ ಕೊಠಡಿ ಬಿಡಬೇಕಾದ ಅತಿಥಿ ಒಂದು ಗಂಟೆಯವರೆಗೆ ಏಳದಿದ್ದರೆ, ಹೊರಗೆ ಕಾದು ಕುಳಿತ ಆ ಎರಡು ಗಂಟೆಯೂ ಕೆಲಸದ ಅವಧಿಯೆಂದೇ ಎಣಿಸುವುದು ನ್ಯಾಯ. ನಿಗದಿತ ದಿನದ ಅವಧಿ ಮೀರಿದರೆ ಹೆಚ್ಚುವರಿ ಗಂಟೆಗಳಿಗೆ ಕನಿಷ್ಠ ಎರಡು ಪಟ್ಟು ದರ.

ಹಾಗೆಂದು 11 ಕೊಠಡಿಗೆ ಐದು ದಿನದ ಕೂಲಿ 3,200 ರೂಪಾಯಿ ಕೊಡಲು ಸಣ್ಣ ಹೋಂಸ್ಟೇಗೆ ಸಾಧ್ಯವೇ ಎಂಬ ಪ್ರಶ್ನೆ ಸಹಜ. ಬದಲಿಸಬೇಕಾದುದು ದರವಲ್ಲ, ಕೆಲಸದ ಹಂಚಿಕೆ. ಸೋಮವಾರ ಖಾಲಿಯಾದ ಕೊಠಡಿಗೆ ಮುಂದಿನ ಅತಿಥಿ ಶುಕ್ರವಾರ ಬರುವುದಾದರೆ ಅದನ್ನು ಸೋಮವಾರವೇ ತೊಳೆಯಬೇಕೆಂದೇನಿಲ್ಲ. ವಾರದ ನಡುವಿನ ಮೂರು ಕೊಠಡಿಗಳನ್ನು ಗುರುವಾರ ಒಟ್ಟಿಗೆ ಮಾಡಿಸಿ, ಹಾಸಿಗೆ ಬಿಸಿಲಿಗೆ ಹಾಕುವುದು, ಕಿಟಕಿ ಒರೆಸುವುದು ಮೊದಲಾದವನ್ನೂ ಅಂದೇ ಇಟ್ಟುಕೊಂಡರೆ ಮೂರು ದಿನಕ್ಕೆ 1,920 ರೂಪಾಯಿ ಸಾಕು. ಕೊಠಡಿಯೊಂದಕ್ಕೆ ಸುಮಾರು 175 ರೂಪಾಯಿ ಬೀಳುತ್ತದೆ. ಅದನ್ನು ಬಾಡಿಗೆಯಲ್ಲಿ ಸೇರಿಸುವುದು ಕಷ್ಟವೇನಲ್ಲ. ಆನ್‌ಲೈನ್ ಬುಕಿಂಗ್‌ನಲ್ಲಿ ಸ್ವಚ್ಛತಾ ಶುಲ್ಕವನ್ನು ಪ್ರತ್ಯೇಕವಾಗಿ ವಸೂಲು ಮಾಡುವವರು ಅದರಲ್ಲಿ ಲಾಂಡ್ರಿ, ಫಿನಾಯಿಲ್, ಕೂಲಿಗಳ ಪಾಲೆಷ್ಟೆಂದು ಬರೆದಿಟ್ಟುಕೊಳ್ಳಲಿ; ಅತಿಥಿಯ ಬಾಯಿಂದ ಶುಲ್ಕದ ಮೊತ್ತ ಕೇಳಿದ ಕೆಲಸದಾಕೆ ಪ್ರಶ್ನಿಸಿದಾಗ ಹೇಳಲು ಉತ್ತರವಿರುತ್ತದೆ. ಒಂದೆರಡು ಕೊಠಡಿ ಮಾತ್ರ ಇರುವವರು ಅಕ್ಕಪಕ್ಕದ ಮತ್ತೊಬ್ಬ ಮಾಲೀಕರೊಡನೆ ಸೇರಿ ಒಬ್ಬಾಕೆಯನ್ನು ತಿಂಗಳ ಸಂಬಳಕ್ಕೆ ನೇಮಿಸಿಕೊಂಡು, ವಾರದ ರಜೆಯನ್ನು ಮಂಗಳವಾರಕ್ಕೆ ಇಡುವುದು ನಮ್ಮ ಮಟ್ಟಿಗೆ ಅತ್ಯುತ್ತಮ ಏರ್ಪಾಡು. ಯಾರ ಪಾಲು ಎಷ್ಟೆಂಬುದು ಬರಹದಲ್ಲಿರಲಿ.

ಎಲ್ಲ ಕಡೆಯೂ ವಾರಾಂತ್ಯದ ಲೆಕ್ಕವೇ ಹೊಂದುವುದಿಲ್ಲ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಗುರುಪೂರ್ಣಿಮೆಯ ಸಂಗೀತೋತ್ಸವದಂತಹ ಸಂದರ್ಭಗಳಲ್ಲಿ, ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಪೂಜೆಯ ದಿನಗಳಲ್ಲಿ ಜನ ಸೇರುತ್ತಾರೆ. ಅಂತಹ ಕಡೆ ದಿನಗೂಲಿಯೇ ಸರಳ.

ಹಣ ಯಾರ ಕೈಗೆ ಸೇರುತ್ತದೆಂಬುದೂ ಮುಖ್ಯ. ದೂರದಲ್ಲಿರುವ ಮಾಲೀಕರು ಕೇರ್‌ಟೇಕರ್‌ನ ಫೋನಿಗೆ ಒಟ್ಟು ಮೊತ್ತ ಹಾಕಿಬಿಟ್ಟರೆ, ಆಕೆಗೆ ತಲುಪಿದ್ದೆಷ್ಟೆಂಬುದು ತಿಳಿಯುವುದೇ ಇಲ್ಲ. ಕೂಲಿ ಬಾಕಿಯಾದರೆ ಹೊಣೆ ಮಾತ್ರ ಮಾಲೀಕರದೇ. ಆದ್ದರಿಂದ ಆಕೆಯ ಸ್ವಂತ ಖಾತೆಗೆ ಹಾಕುವುದು ಲೇಸು, ಗಂಡನ ಖಾತೆಗಲ್ಲ. ನಗದಾಗಿ ಕೊಟ್ಟರೆ ಪುಸ್ತಕದಲ್ಲಿ ದಿನಾಂಕ, ಗಂಟೆ, ಮೊತ್ತ ಬರೆದು ಸಹಿ ಪಡೆಯಬೇಕು. ದಿನಗೂಲಿಯನ್ನು ಅಂದೇ, ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ, ಕೆಲಸ ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸತಕ್ಕದ್ದು.

ಟವೆಲ್ ಕಾಣೆಯಾಯಿತು, ಬೆಡ್‌ಶೀಟಿಗೆ ಮೆಹಂದಿಯ ಕಲೆ ಹತ್ತಿತು ಎಂದು ಕೂಲಿ ಹಿಡಿಯುವ ರೂಢಿ ಕೆಲವೆಡೆ ಇದೆ. ಆಕೆಯ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿದ ವಸ್ತು ಆಕೆಯ ಅಲಕ್ಷ್ಯದಿಂದಲೇ ಹಾಳಾಗಿದ್ದರೆ, ಅದೂ ಆಕೆಯ ಮಾತನ್ನು ಕೇಳಿದ ನಂತರವಷ್ಟೇ, ಕಡಿತಕ್ಕೆ ಅವಕಾಶವಿದೆ. ಅತಿಥಿ ಮಾಡಿದ ಹಾನಿಗೆ ಅತಿಥಿಯ ಠೇವಣಿಯೇ ಆಧಾರ. ಮುಂಗಡ ಕೊಟ್ಟು, ಅದು ತೀರುವವರೆಗೆ ಬೇರೆಡೆ ದುಡಿಯಬಾರದೆಂದು ಕಟ್ಟಿಹಾಕುವುದು 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ವ್ಯಾಪ್ತಿಗೆ ಬರುವ ಗಂಭೀರ ಸಂಗತಿ. ಶೌಚಗುಂಡಿಗೆ ಇಳಿಯಲು ಹೇಳುವುದಂತೂ ಯಾವ ಹೆಚ್ಚುವರಿ ಕೂಲಿಗೂ ಸಲ್ಲದು. 2013ರ ಕಾಯ್ದೆ ಅದನ್ನು ನಿಷೇಧಿಸಿದೆ.

ಇನ್ನುಳಿದುದು, ಪ್ರವಾಸಿಗರೇ ಬಾರದ ಕಾಲ. 2021ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ನಂದಿಬೆಟ್ಟದ ರಸ್ತೆ ಕಡಿದು ಬಹುಕಾಲ ಸಂಚಾರ ನಿಂತಿತ್ತು. ಇಂತಹ ಅವಧಿಯಲ್ಲಿ ತಿಂಗಳ ಸಂಬಳದವರಿಗೆ ಎಷ್ಟು, ದಿನಗೂಲಿಯವರಿಗೆ ವಾರಕ್ಕೆ ಕನಿಷ್ಠ ಎಷ್ಟು ದಿನದ ಕೆಲಸ ಎಂಬುದನ್ನು ನೇಮಕದ ಸಮಯದಲ್ಲಿಯೇ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು, ಓದಿ ಹೇಳಿ, ಒಂದು ಪ್ರತಿಯನ್ನು ಆಕೆಗೂ ಕೊಡತಕ್ಕದ್ದು.