ಒಲೆಯಿಲ್ಲದ ಟಿರಮಿಸು

ಪ್ರಶ್ನೆ: ಒಲೆಯನ್ನೇ ಹೊತ್ತಿಸದೆ ಮಾಡುವ ಇಟಲಿಯ ಟಿರಮಿಸು ಗಟ್ಟಿಯಾಗಿ ನಿಲ್ಲುವುದು ಹೇಗೆ? ಪದರಗಳ ನಡುವೆ ಹಸಿ ಅನಾನಸ್ ಇಟ್ಟರೆ ಮರುದಿನ ಕಹಿಯಾಗುವುದೇಕೆ? (ಓದುಗರೊಬ್ಬರು, ಮೂಡಿಗೆರೆ)

ಉತ್ತರ: ಭಾರತದ ಕಾಫಿಯನ್ನು ಹೇರಳವಾಗಿ ಕೊಳ್ಳುವ ದೇಶಗಳಲ್ಲಿ ಇಟಲಿಯು ಅಗ್ರಗಣ್ಯವಾಗಿರುವುದರಿಂದ, ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿದ ಬಿಸ್ಕತ್ತನ್ನೂ ಕಡೆದ ಕೆನೆಯನ್ನೂ ಪದರಪದರವಾಗಿ ಜೋಡಿಸುವ ಅಲ್ಲಿಯ ಈ ಭಕ್ಷ್ಯವು ನಮ್ಮ ಕಾಫಿಸೀಮೆಗೆ ತೀರ ಅಪರಿಚಿತವೆನ್ನಲಾಗದು. ದೀಪದ ಬತ್ತಿಯು ಎಣ್ಣೆಯನ್ನು ತಾನಾಗಿಯೇ ಮೇಲಕ್ಕೆಳೆದುಕೊಳ್ಳುವಂತೆ, ಒಣಬಿಸ್ಕತ್ತಿನ ಸೂಕ್ಷ್ಮರಂಧ್ರಗಳು ಡಿಕಾಕ್ಷನ್ನನ್ನು ಹೀರಿ ಮೃದುವಾಗುತ್ತವೆ. ಅದ್ದಿದೊಡನೆ ತೆಗೆಯತಕ್ಕದ್ದು, ಕ್ಷಣಕಾಲ ತಡೆದರೂ ಅದು ಕೈಯಲ್ಲೇ ಮುರಿದು ಬೀಳುವುದು. ಕೆನೆಯನ್ನು ಕಡೆಯುವಾಗ ಒಳಸೇರಿದ ಗಾಳಿಗುಳ್ಳೆಗಳ ಸುತ್ತ ಕೊಬ್ಬಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ಜಾಲವನ್ನು ರಚಿಸುವುವು. ಆ ಜಾಲವು ಶೈತ್ಯದಲ್ಲಿ ಬಿಗಿಗೊಳ್ಳುವುದರಿಂದ, ಇರುಳೆಲ್ಲ ಫ್ರಿಜ್ಜಿನಲ್ಲಿಟ್ಟ ಪದರಗಳು ಅಗ್ನಿಯ ಹಂಗಿಲ್ಲದೆಯೇ ನಿಲ್ಲುವುವು.

ಅನಾನಸ್ಸಿನಲ್ಲಿ ಬ್ರೊಮೆಲೇನ್ ಎಂಬ ಕಿಣ್ವವುಂಟು. ಅದು ಹಾಲಿನ ಪ್ರೋಟೀನುಗಳನ್ನು ತುಂಡರಿಸುವುದು. ಹಾಗೆ ಹುಟ್ಟಿದ ತುಣುಕುಗಳೇ ಕಹಿರುಚಿಗೆ ಮೂಲ. ಆದರೆ ಈ ಕಿಣ್ವವು ಕಾವನ್ನು ತಾಳಲಾರದು. ಆದುದರಿಂದ ಹೋಳುಗಳನ್ನು, ಗೊಜ್ಜಿಗೆ ಬೇಯಿಸುವಷ್ಟು ಹೊತ್ತು, ಸಕ್ಕರೆಯೊಡನೆ ಕುದಿಸಿ, ಪೂರ್ತಿಯಾಗಿ ಆರಿಸಿ, ಅನಂತರವೇ ಪದರಕ್ಕಿಡಬೇಕು. ಬಾಳೆಗೂ ಮಾವಿಗೂ ಈ ಉಪಚಾರ ಬೇಕಿಲ್ಲ. ಇಷ್ಟೆಲ್ಲ ಶ್ರಮಪಡುವವರು ಚಿಕೋರಿ ಬೆರೆಸದ, ನಮ್ಮ ಗಿರಿಯ ಅರೇಬಿಕಾ ಬೀಜದ ಗಟ್ಟಿ ಡಿಕಾಕ್ಷನ್ನನ್ನೇ ಬಳಸಬೇಕೆಂದು ನನ್ನ ಬಿನ್ನಹ.