ಕೋಲ್ಡ್ ರೂಮಿನ ಸೆನ್ಸರ್: ಬಾಗಿಲು ಹಾಕಿ ಪರೀಕ್ಷಿಸಿ

ನಮ್ಮ ಗುಂಪಿನ ಮಾವಿನ ಪಲ್ಪ್ ಘಟಕದ ಕೋಲ್ಡ್ ರೂಮಿಗೆ ವೈಫೈ ಸೆನ್ಸರ್ ಹಾಕಿದ್ವಿ. ಖಾಲಿ ರೂಮಲ್ಲಿ ಪರೀಕ್ಷೆ ಮಾಡಿದ್ದು ನನ್ನದೇ ತಪ್ಪು. ಹಣ್ಣು ತುಂಬಿ ಬಾಗಿಲು ಹಾಕಿದ ಮೇಲೆ ಎರಡು ದಿನ ಆ್ಯಪ್‌ನಲ್ಲಿ 13 ಡಿಗ್ರಿಯೇ ಕಾಣ್ತಿತ್ತು. ಅದು ಹಳೇ ರೀಡಿಂಗ್! ಒಳಗೆ ಕೂಲಿಂಗ್ ನಿಂತೇ ಹೋಗಿತ್ತು. 40 ಕ್ರೇಟ್ ಹಣ್ಣು ತಿಪ್ಪೆ ಸೇರಿತು.

ಪಫ್ ಪ್ಯಾನೆಲ್‌ನ ಎರಡೂ ಬದಿ ತಗಡು, ಸಿಗ್ನಲ್ ದಾಟೋದು ಕಷ್ಟ. ಹಣ್ಣಿನೊಳಗಿನ ನೀರೂ 2.4 ಗಿಗಾಹರ್ಟ್ಸ್ ಅಲೆಗಳನ್ನು ಹೀರುತ್ತೆ. ಈಗ ಪ್ರೋಬ್ ಮಾತ್ರ ಒಳಗೆ. ವೈರ್ ಎಳೆದು ರೇಡಿಯೊ ಡಬ್ಬಿಯನ್ನು ಹೊರಗೋಡೆಗೆ ಕೂರಿಸಿದ್ದೇವೆ. ತೂತಿಗೆ ಸೀಲಂಟ್ ಮರೀಬೇಡಿ.

ಕೊಳ್ಳೋ ಮುಂಚೆ, ರೂಮು ತುಂಬಿರುವಾಗ ಬಾಗಿಲು ಹಾಕಿಸಿ, ಸೆನ್ಸರ್ ಕೂರೋ ಜಾಗದಲ್ಲೇ ಫೋನಿನ ವೈಫೈ ಅನಲೈಜರ್ ನೋಡಿ (ಹೊರಗೊಬ್ಬರು ಇರಲಿ!). ಮೈನಸ್ 70 ಡಿಬಿಎಂಗಿಂತ ಕೆಳಗಿಳಿದ್ರೆ ಜಾಗ ಬದಲಿಸಿ. ರೀಡಿಂಗ್ ಬರೋದು ನಿಂತರೂ ಅಲಾರಂ ಬರುತ್ತಾ ಅಂತ ಮಾರುವವರನ್ನು ಕೇಳಿ. ನಾವಂತೂ ವೈರ್ ಎಳೆದ ಸೈರನ್ ಒಂದನ್ನೂ ಇಟ್ಟುಕೊಂಡಿದ್ದೇವೆ.